ಎಳ್ಳಿಲ್ಲದ ಅಡುಗೆಮನೆ

ಚೈತ್ರ ಹದಿನಾಲ್ಕನೇ ಡಬ್ಬದ ಮುಚ್ಚಳ ತೆಗೆದಳು. ಒಳಗಿದ್ದ ಮೆಂತ್ಯವನ್ನು ಕಾಗದದ ಮೇಲೆ ಸುರಿದು, ಡಬ್ಬ ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿದಳು. ಹದಿನೈದನೆಯದನ್ನು ಕೈಗೆತ್ತಿಕೊಂಡಳು. ಧನಿಯಾ.

ಹೊಸ್ತಿಲಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಪಾಲಮ್ಮ ಕೂತಿದ್ದಳು. ಬೆಳಗ್ಗೆ ಎಂಟಕ್ಕೆ ಚೈತ್ರ ಕೆಲಸಕ್ಕೆ ಬಂದಾಗ, ಡಬ್ಬ ಎಲ್ಲ ಖಾಲಿ ಮಾಡಿ ತೊಳಿ ಎಂದದ್ದು ಬಿಟ್ಟರೆ ಆಕೆ ಬೇರೆ ಮಾತಾಡಿರಲಿಲ್ಲ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನೋಡುತ್ತಲೇ ಇದ್ದಳು.

ಚೈತ್ರಳೂ ಬಾಯಿ ಬಿಡಲಿಲ್ಲ. ತಾನು ಯಾರ ತಂಗಿ ಎಂದು ಈ ಮನೆಗೆ ತಿಳಿದರೆ ಆ ಕ್ಷಣವೇ ಬೀದಿಗೆ ಬೀಳಬೇಕಾಗುತ್ತದೆ.

ಮೊನ್ನೆ ಭಾನುವಾರ ಇದೇ ಯಲಹಂಕದ ಮನೆಯಲ್ಲಿ ಮನೆದೇವರ ಪೂಜೆಯ ಊಟ. ಸೊಸೆ ಶಿಲ್ಪ ಮೂರು ತುತ್ತು ಪುಳಿಯೋಗರೆ ತಿಂದಿದ್ದಳು, ಅಷ್ಟೇ. ತುಟಿ ಊದಿ, ಉಸಿರು ಸಿಕ್ಕದೆ ಎಲೆಯ ಮೇಲೇ ಕುಸಿದಳು. ಈಗ ಹೆಬ್ಬಾಳದ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾಳೆ, ಇನ್ನೂ ಮಾತಿಲ್ಲ. ಸೊಸೆಗೆ ಕಡಲೆಕಾಯಿ ಆಗುವುದಿಲ್ಲ ಎಂದು ಗೊತ್ತಿದ್ದೂ ಅಡುಗೆಯ ಕಲಾವತಿ ಬೇಕೆಂದೇ ಬೆರೆಸಿದಳು ಎಂದು ಗೋಪಾಲಮ್ಮ ಪೊಲೀಸರಿಗೆ ಅರ್ಜಿ ಕೊಟ್ಟಿದ್ದಳು. ಕಾರಣವೂ ಅರ್ಜಿಯಲ್ಲಿತ್ತು: ಹಿಂದಿನ ವಾರ ರಜೆ ಕೇಳಿದ ಕಲಾವತಿಯನ್ನು ಶಿಲ್ಪ ನಾಲ್ಕು ಜನರೆದುರು ಬೈದಿದ್ದಳು.

ಕಲಾವತಿ ಚೈತ್ರಳ ಅಕ್ಕ. ಸಬ್ ಇನ್‌ಸ್ಪೆಕ್ಟರ್ ಭೀಮರಾಜ್ ಇವತ್ತು ಸಂಜೆ ಐದರ ಗಡುವು ಹಾಕಿದ್ದ. ಅಷ್ಟರಲ್ಲಿ ಬೇರೇನೂ ಸಿಗದಿದ್ದರೆ ಎಫ್‌ಐಆರ್, ಬಂಧನ.

ಚೈತ್ರ ಕೆಲಸ ಮಾಡುತ್ತಿದ್ದುದು ಜ್ಯೋತಿಲಕ್ಷ್ಮಿಯವರ ಆಫೀಸಿನಲ್ಲಿ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಖಾಸಗಿ ಪತ್ತೇದಾರಿಕೆ ನಡೆಸುತ್ತಿದ್ದ ಆಕೆಯೇ ಹೂವಿನವಳ ಮೂಲಕ ಚೈತ್ರಳನ್ನು ಈ ಮನೆಗೆ ಸೇರಿಸಿದ್ದರು. ನೀನು ಮಾತಾಡಬೇಡ, ನೋಡು, ಅಷ್ಟೇ ಎಂದಿದ್ದರು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಚೈತ್ರಳಿಗೆ ಬರುತ್ತಿದ್ದುದೂ ಅದೊಂದೇ.

ಡಬ್ಬಗಳು ಮುಗಿದವು. ಕಡಲೆಕಾಯಿಯ ಒಂದು ಸಿಪ್ಪೆಯೂ ಇರಲಿಲ್ಲ. ಎಣ್ಣೆ ಕೂಡ ಸೂರ್ಯಕಾಂತಿಯದು.

ಮಿಕ್ಸಿಯ ಜಾರು ಉಳಿದಿತ್ತು. ಮುಚ್ಚಳದ ರಬ್ಬರ್ ಬಳೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿದಳು. ಮೇಲೆ ಮೇಲೆ ತೊಳೆಯುವವರು ಅದನ್ನು ಬಿಚ್ಚುವುದಿಲ್ಲ. ಬಳೆಯ ಸಂದಿಯಲ್ಲಿ ಕೆಂಪು ಪುಡಿ ಕಚ್ಚಿಕೊಂಡಿತ್ತು. ಆ ಪುಡಿಯ ನಡುವೆ ನಾಲ್ಕೈದು ಬಿಳಿ ಕಾಳುಗಳು.

ಗಸಗಸೆ ಎಂದುಕೊಂಡಳು. ಗಸಗಸೆ ಇಷ್ಟು ದಪ್ಪ ಇರುವುದಿಲ್ಲ, ದುಂಡಗಿರುತ್ತದೆ. ಇದರ ಒಂದು ತುದಿ ಚೂಪು. ಉಗುರಿನಿಂದ ಒಂದನ್ನು ಒತ್ತಿ ಮೂಗಿನ ಹತ್ತಿರ ತಂದಳು.

ಎಳ್ಳು. ಹುರಿದ ಬಿಳಿ ಎಳ್ಳು.

ಅಷ್ಟೂ ಡಬ್ಬಗಳಲ್ಲಿ ಎಳ್ಳಿನ ಡಬ್ಬ ಇರಲಿಲ್ಲ. ಯಾವ ಮನೆಯಲ್ಲಿ ಎಳ್ಳಿರುವುದಿಲ್ಲ? ಕೇಳುವುದೋ ಬೇಡವೋ ಎಂದು ಅಳೆದು ಸುರಿದು, ಕೊನೆಗೆ ತಲೆ ಎತ್ತದೆ ಕೇಳಿದಳು, ಎಳ್ಳಿನ ಡಬ್ಬ ತೊಳೆಯುವುದು ಬಿಟ್ಟುಹೋಯಿತೇನೋ ಅಮ್ಮ, ಎಲ್ಲಿದೆ?

ಗೋಪಾಲಮ್ಮನ ಬೆರಳು ಸೆರಗಿನಲ್ಲೇ ನಿಂತಿತು.

"ಎಳ್ಳು ಈ ಮನೆ ಅಡುಗೆಮನೆಗೆ ಬರಲ್ಲ ಕಣೇ. ಅದು ಯಜಮಾನ್ರ ತಿಥಿಗೆ, ಶನಿವಾರದ ದೀಪಕ್ಕೆ. ನಮ್ಮತ್ತೆ ಕಾಲದಿಂದ್ಲೂ ಇಂಗೇಯ. ಸಂಕ್ರಾಂತಿಗೆ ಮಾತ್ರ ತರ್ತಿದ್ವಿ, ಈಗ ಅದೂ ಇಲ್ಲ."

ಸಂಕ್ರಾಂತಿ ಯಾಕೆ ನಿಂತಿತು ಎಂಬುದನ್ನು ಆಕೆ ತಾನಾಗಿ ಹೇಳಿದಳು. ಶಿಲ್ಪ ಮದುವೆಯಾಗಿ ಬಂದ ಮೊದಲ ಸಂಕ್ರಾಂತಿ. ಒಂದು ಹಿಡಿ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಖ ಕುಂಬಳಕಾಯಿಯಾಯಿತು. ಕಡಲೆಕಾಯಿಯ ಪಿತ್ತ ಎಂದು ಗೋಪಾಲಮ್ಮನೇ ಕಂಡುಹಿಡಿದಳು. ಅವತ್ತಿನಿಂದ ಕಡಲೆಕಾಯಿ ಮನೆಗೆ ಬಂದಿಲ್ಲ. ಆರು ವರ್ಷ ಸೊಸೆಗೆ ಒಂದು ಸೀನೂ ಬರಲಿಲ್ಲ.

"ಡಾಕ್ಟ್ರೂ ಬೇಕಾಗಲಿಲ್ಲ, ಗೀಕ್ಟ್ರೂ ಬೇಕಾಗಲಿಲ್ಲ" ಎಂದು ಗೋಪಾಲಮ್ಮ ಮುಗಿಸಿದಳು. ಆ ಮಾತಿನಲ್ಲಿ ಹೆಮ್ಮೆ ಇತ್ತು. ಹೆಮ್ಮೆಯ ಕೆಳಗೆ ಬೇರೇನೋ ನಡುಗುತ್ತಿತ್ತು.

ಚೈತ್ರ ಆ ಮಾತನ್ನು ಮನಸ್ಸಿನಲ್ಲಿ ಹೊರಳಿಸಿದಳು. ಕಡಲೆಕಾಯಿ ಮನೆಯಿಂದ ಹೊರಗೆ ಹೋಯಿತು, ಸೊಸೆ ಚೆನ್ನಾಗಿದ್ದಳು. ಆದರೆ ಎಳ್ಳೂ ಈ ಅಡುಗೆಮನೆಯಲ್ಲಿ ಇರಲಿಲ್ಲವಲ್ಲ.

ರಬ್ಬರ್ ಬಳೆ ಹರಿದಿದೆ, ಬೇರೆ ತರಬೇಕು ಎಂದು ಸುಳ್ಳು ಹೇಳಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಟ್ಟದ ಕಟ್ಟೆಯ ಮೇಲೆ ಹಾಸಿದ್ದ ಹಳೆಯ ಪೇಪರ್ ಬದಲಿಸಲು ಸ್ಟೂಲ್ ಹತ್ತಿದಳು. ಪೇಪರಿನ ಕೆಳಗೆ ಒಂದು ಚಿಕ್ಕ ಕಾರ್ಡು. ಆರ್.ಟಿ. ನಗರದ ಅಲರ್ಜಿ ಕ್ಲಿನಿಕ್ಕು, ಡಾ. ನೂರೀನ್. ಹೆಸರು ಶಿಲ್ಪ ಬಿ. ಮೊದಲ ಭೇಟಿ ಹತ್ತೊಂಬತ್ತು ದಿನದ ಹಿಂದೆ. ಎರಡನೇ ಭೇಟಿಯ ದಿನಾಂಕವೂ ಕಳೆದುಹೋಗಿತ್ತು.

ಶಿಲ್ಪ ಅತ್ತೆಗೆ ಹೇಳದೆ ಡಾಕ್ಟರ ಹತ್ತಿರ ಹೋಗಿದ್ದಳು.

ಮೇಲೆ ವಾಯುಪಡೆಯ ವಿಮಾನವೊಂದು ಕಿವಿ ಗಡಚಿಕ್ಕುವಂತೆ ಹಾದುಹೋಯಿತು. ಗೋಪಾಲಮ್ಮ ಕಿಟಕಿಯತ್ತ ತಿರುಗಿದ ಆ ಎರಡು ಕ್ಷಣದಲ್ಲಿ ಕಾರ್ಡು ಚೈತ್ರಳ ರವಿಕೆಯೊಳಗಿತ್ತು.

* * *

ಹನ್ನೆರಡೂವರೆಗೆ ಬೀದಿ ಕೊನೆಯಲ್ಲಿ ನಿಂತು ಫೋನ್ ಮಾಡಿದಳು. ಜ್ಯೋತಿಲಕ್ಷ್ಮಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದರು. ತಾನು ಎದ್ದರೆ ಭೀಮರಾಜ್ ಗಡುವಿಗೂ ಕಾಯದೆ ಬರೆದುಬಿಡುತ್ತಾನೆ, ಆದ್ದರಿಂದ ಕ್ಲಿನಿಕ್ಕಿಗೆ ನೀನೇ ಹೋಗು ಎಂದರು. ಡಾಕ್ಟರ ಜೊತೆ ಏನು ಮಾತಾಡಲಿ ಎಂದು ಚೈತ್ರ ತಡವರಿಸಿದಳು.

"ಕಂಡದ್ದು ಹೇಳು. ಕಾಣದೆ ಇರೋದು ಹೇಳ್ಬೇಡ. ಅಷ್ಟೇನಮ್ಮ."

ಕ್ಲಿನಿಕ್ಕಿನ ಬೆಂಚು ತುಂಬಿತ್ತು. ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡವರು, ತೋಳು ಕೆರೆದುಕೊಳ್ಳುವವರು. ಪಕ್ಕದಲ್ಲಿದ್ದ ಬಸ್ ಕಂಡಕ್ಟರ್ ಒಬ್ಬ ಎಡ ಮುಂಗೈಯನ್ನು ಅಂಗಾತ ಚಾಚಿಕೊಂಡು ಕೂತಿದ್ದ. ಚರ್ಮದ ಮೇಲೆ ಪೆನ್ನಿನಲ್ಲಿ ಸಾಲಾಗಿ ಅಂಕಿಗಳು, ಒಂದೊಂದು ಅಂಕಿಯ ಪಕ್ಕ ಸೂಜಿಯಿಂದ ತುಸು ಚುಚ್ಚಿದ ಗುರುತು. ಒಂದೇ ಒಂದು ಕಡೆ ಸೊಳ್ಳೆ ಕಚ್ಚಿದ ಹಾಗೆ ಗಂದೆ ಎದ್ದಿತ್ತು.

ಚೈತ್ರ ನೋಡುತ್ತಿರುವುದು ಕಂಡು ಆತನೇ ಮಾತಿಗೆ ಇಳಿದ. ಬೆಳಗ್ಗೆ ಎದ್ದರೆ ಮೂವತ್ತು ಸೀನು, ಬದನೆಕಾಯಿಯಿಂದ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರಂತೆ.

"ಹನ್ನೆರಡು ವರ್ಷ ಬದನೆಕಾಯಿ ಬಿಟ್ಟಿದ್ದೆ ಕಣಮ್ಮ. ನಮ್ಮ ಮದುವೇಲೂ ತಿನ್ಲಿಲ್ಲ. ಈಗ ನೋಡಿದ್ರೆ ಹಾಸಿಗೆ ಧೂಳಲ್ಲಿರೋ ಹುಳ ಅಂತೆ. ಬದನೆಕಾಯಿ ಪಾಪ, ಸುಮ್ನೆ ಜೈಲಲ್ಲಿತ್ತು."

ಆತ ನಕ್ಕ. ಜೈಲು ಎಂಬ ಮಾತಿಗೆ ಚೈತ್ರಳಿಗೆ ನಗು ಬರಲಿಲ್ಲ. ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು.

ಡಾ. ನೂರೀನ್ ನಲವತ್ತರ ಆಸುಪಾಸಿನ ಹೆಂಗಸು. ಶಿಲ್ಪ ಐಸಿಯುನಲ್ಲಿದ್ದಾಳೆ ಎಂದು ಚೈತ್ರ ಹೇಳಿದ ಕೂಡಲೇ ಬರೆಯುತ್ತಿದ್ದ ಕೈ ನಿಂತಿತು. ಒಬ್ಬರ ರಿಪೋರ್ಟನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ ಎಂದು ಮೊದಲೇ ಹೇಳಿದರು. ಚೈತ್ರ ಒತ್ತಾಯಿಸಲಿಲ್ಲ. ಕಂಡದ್ದನ್ನು ಹೇಳಿದಳು. ಎಳ್ಳುಬೆಲ್ಲ, ಊದಿದ ಮುಖ, ಕಡಲೆಕಾಯಿ ಬಿಟ್ಟ ಆರು ವರ್ಷ, ಪುಳಿಯೋಗರೆ.

ಕೇಳುತ್ತ ಕೇಳುತ್ತ ಡಾಕ್ಟರ ಮುಖ ಬಿಗಿಯಿತು.

"ಎಳ್ಳುಬೆಲ್ಲದಲ್ಲಿ ಐದು ಸಾಮಾನಿರುತ್ತೆ. ಐದರಲ್ಲಿ ಯಾವುದು ಅಂತ ಬರೀ ಮುಖ ನೋಡಿ ಹೇಳಕ್ಕಾಗುತ್ತಾ? ಒಂದನ್ನ ಬಿಟ್ಟು, ಸದ್ಯ ಹುಷಾರಾದ್ಲು ಅಂತ ಕೂತ್ಕೊಂಡ್ರೆ, ನಿಜವಾದ್ದು ಅಲ್ಲೇ ಹೊಂಚು ಹಾಕ್ಕೊಂಡಿರುತ್ತೆ."

ಪರೀಕ್ಷೆ ಹೇಗೆ ಮಾಡುತ್ತಾರೆಂದೂ ವಿವರಿಸಿದರು. ಹೊರಗೆ ಕಂಡಕ್ಟರ್‌ಗೆ ಮಾಡಿದ್ದು ಚರ್ಮದ ಪರೀಕ್ಷೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಳಿಯುತ್ತದೆ. ತುರಿಕೆ ಮಾತ್ರೆ ತಿನ್ನುತ್ತಿರುವವರಿಗೆ ಅದು ಸರಿಯಾಗಿ ಕಾಣಿಸುವುದಿಲ್ಲ. ಮತ್ತೆ ಮುಖ ಊದೀತೆಂದು ಶಿಲ್ಪ ದಿನಾ ಆ ಮಾತ್ರೆ ನುಂಗುತ್ತಿದ್ದಳು, ನಿಲ್ಲಿಸಲು ಹೆದರಿದಳು. ಹಾಗಾಗಿ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದರು. ರಿಪೋರ್ಟಿನಲ್ಲಿ ಏನೋ ಇದೆ ಎಂದ ಮಾತ್ರಕ್ಕೆ ಅದೇ ಕೊನೆಯ ಮಾತಲ್ಲ, ತಿಂದಾಗ ಏನಾಯಿತು ಎಂಬುದನ್ನೂ ಪಕ್ಕಕ್ಕಿಟ್ಟು ನೋಡಬೇಕು. ಅದಕ್ಕೇ ರಿಪೋರ್ಟು ಹಿಡಿದು ಬಾ ಎಂದಿದ್ದರು. ಅವಳು ಬರಲಿಲ್ಲ. ಎರಡು ಸಲ ಫೋನ್ ಮಾಡಿಸಿದರೆ, ಎತ್ತಿದವರು ಆಕೆ ಊರಲ್ಲಿಲ್ಲ ಎಂದಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಭಾನುವಾರದ ಊಟದಲ್ಲಿ ಎಳ್ಳಿತ್ತಾ?"

ರಿಪೋರ್ಟಿನಲ್ಲಿ ಏನಿದೆ ಎಂಬುದು ಆ ಪ್ರಶ್ನೆಯಲ್ಲೇ ಇತ್ತು. ಚೈತ್ರ ಸೊಂಟದ ಕವರ್ ತೆಗೆದು ಮೇಜಿನ ಮೇಲಿಟ್ಟಳು. ರಬ್ಬರ್ ಬಳೆಯಲ್ಲಿ ಕಚ್ಚಿಕೊಂಡಿದ್ದ ಬಿಳಿ ಕಾಳುಗಳನ್ನು ಡಾಕ್ಟರು ಬೆಳಕಿಗೆ ಹಿಡಿದು ನೋಡಿದರು. ಫೋನ್ ಎತ್ತಿ ಹೆಬ್ಬಾಳದ ಆಸ್ಪತ್ರೆಯ ಐಸಿಯು ಕೇಳಿದರು.

ಫೋನ್ ಅತ್ತ ರಿಂಗಾಗುತ್ತಿದ್ದಾಗ ಚೈತ್ರ ಬಾಗಿಲ ಬಳಿ ನಿಂತು ಒಂದೇ ವಿಷಯ ಕೇಳಿದಳು: ಆ ರಿಪೋರ್ಟು ಈಗ ಎಲ್ಲಿದೆ? ಒಂಬತ್ತು ದಿನದ ಹಿಂದೆಯೇ ಮನೆಯವರು ಕೌಂಟರಿನಲ್ಲಿ ಸಹಿ ಹಾಕಿ ಒಯ್ದಿದ್ದಾರೆ ಎಂದರು ಡಾಕ್ಟರು.

ಅಂದರೆ ಆ ಮನೆಯಲ್ಲಿ ಒಬ್ಬರಿಗೆ ಒಂಬತ್ತು ದಿನದಿಂದ ಗೊತ್ತು. ಕಡಲೆಕಾಯಿ ಏನೂ ಮಾಡುವುದಿಲ್ಲ, ಎಳ್ಳು ಜೀವ ತೆಗೆಯಬಹುದು ಎಂದು ಗೊತ್ತು. ಅದಾದ ಒಂದು ವಾರಕ್ಕೆ, ಎಳ್ಳು ಕಾಲಿಡದ ಅಡುಗೆಮನೆಗೆ ಎಳ್ಳು ಬಂತು. ಎಲ್ಲರೂ ಕಡಲೆಕಾಯಿ ಹುಡುಕಲಿ ಎಂದು.

ಅಕ್ಕ ಬದುಕಿದಳು ಎಂದುಕೊಂಡಳು ಚೈತ್ರ. ಇಂಗ್ಲಿಷಿನ ರಿಪೋರ್ಟು ಓದಲು ಅಕ್ಕನಿಗೆ ಬರುವುದಿಲ್ಲ.

ಕೌಂಟರಿನ ಹುಡುಗಿ ರಿಜಿಸ್ಟರ್ ತೆರೆದು ಯಾರದೋ ಕವರ್ ಕೊಡುತ್ತಿದ್ದಳು. ಚೈತ್ರ ಎದುರಿಗೆ ನಿಂತಳು. ತಲೆಕೆಳಗಾದ ಅಕ್ಷರ ಓದುವುದು ಅವಳಿಗೆ ಕಷ್ಟವಲ್ಲ, ಮೂರು ವರ್ಷದಿಂದ ಜ್ಯೋತಿಲಕ್ಷ್ಮಿಯವರ ಮೇಜಿನ ಈಚೆ ನಿಂತೇ ಓದಿ ಅಭ್ಯಾಸ. ಪುಟ ತಿರುಗಿತು. ಒಂಬತ್ತು ದಿನದ ಹಿಂದಿನ ತಾರೀಖು. ಶಿಲ್ಪ ಬಿ. ಪಡೆದವರ ಫೋನ್ ನಂಬರ್.

ಆ ನಂಬರ್ ಅವಳಿಗೆ ಬಾಯಿಪಾಠವಾಗಿತ್ತು. ಅದರ ಪಕ್ಕ ಸಹಿ ಇತ್ತು. ತನ್ನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತೀಡಿಸಿದ ಕೈಯ ಬರಹ.

ಕಲಾವತಿ.

* * *

ಆಟೋದಲ್ಲಿ ಹೆಬ್ಬಾಳದ ಮೇಲ್ಸೇತುವೆ ಮೇಲೆ ಸಿಕ್ಕಿಕೊಂಡಾಗ ಜ್ಯೋತಿಲಕ್ಷ್ಮಿ ಎರಡು ಸಲ ಫೋನ್ ಮಾಡಿದರು. ಮೊದಲನೆಯ ಸಲ ಚೈತ್ರ ಎತ್ತಲಿಲ್ಲ. ಎರಡನೆಯ ಸಲ ಎತ್ತಿ ಎಳ್ಳಿನ ವಿಷಯ ಹೇಳಿದಳು, ಡಾಕ್ಟರು ಐಸಿಯುಗೆ ಫೋನ್ ಮಾಡಿದ್ದು ಹೇಳಿದಳು. ರಿಜಿಸ್ಟರಿನ ವಿಷಯ ಹೇಳಲಿಲ್ಲ. ಕಂಡದ್ದನ್ನು ಹೇಳದೆ ಉಳಿದದ್ದು ಇದೇ ಮೊದಲು.

ಅಕ್ಕ ಎರಡು ದಿನದಿಂದ ಒಂದೇ ಮಾತು ಹೇಳುತ್ತಿದ್ದಳು, ನಾನು ಕಡಲೆಕಾಯಿ ಹಾಕಿಲ್ಲ. ಅದು ನಿಜವೇ. ಆದರೆ ಎಳ್ಳು ಹಾಕಿದೆ ಎಂದು ಒಮ್ಮೆಯೂ ಯಾಕೆ ಹೇಳಲಿಲ್ಲ? ತಂಗಿಗೂ ಯಾಕೆ ಹೇಳಲಿಲ್ಲ?

ಸ್ಟೇಷನ್ ತಲುಪಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಒಳಗಿನ ಕೋಣೆಯಲ್ಲಿ ಅವಳು ಎಣಿಸಿದ್ದಕ್ಕಿಂತ ಇಬ್ಬರು ಹೆಚ್ಚಿದ್ದರು. ಗೋಪಾಲಮ್ಮ, ಆಕೆಯ ಪಕ್ಕ ಮಗ ಬಾಲರಾಜ್, ಶಿಲ್ಪಳ ಗಂಡ. ಎರಡು ದಿನ ಆಸ್ಪತ್ರೆಯಲ್ಲೇ ಇದ್ದವನ ಗಡ್ಡ ಬೆಳೆದಿತ್ತು, ಅಂಗಿ ಮಾತ್ರ ಇಸ್ತ್ರಿ ಮಾಡಿದ್ದು. ಮೇಜಿನ ಆಚೆ ಭೀಮರಾಜ್. ಗೋಡೆಗೆ ಒರಗಿ ಕಲಾವತಿ. ಜ್ಯೋತಿಲಕ್ಷ್ಮಿ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದರು.

ಬಾಲರಾಜ್ ಮೆತ್ತಗೆ ಮಾತಾಡುತ್ತಿದ್ದ. ಅಮ್ಮ ಗಾಬರಿಯಲ್ಲಿ ಅರ್ಜಿ ಕೊಟ್ಟಿದ್ದಾಳೆ. ಕಲಾವತಿ ಎಂಟು ವರ್ಷದಿಂದ ಮನೆಯವಳಂತೆ ಇದ್ದವಳು. ಸೋಲದೇವನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು ಅಡುಗೆ ಮಾಡುತ್ತಾಳೆ. ಕೈತಪ್ಪಿ ಆದದ್ದಕ್ಕೆ ಆಕೆಯನ್ನು ಜೈಲಿಗೆ ಕಳಿಸಲು ಮನಸ್ಸಿಲ್ಲ. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇವೆ. ಹೊರಗಿನಿಂದ ತಂದ ಮಸಾಲೆಯಲ್ಲಿ ಗೊತ್ತಾಗದೆ ಕಡಲೆಕಾಯಿ ಪುಡಿ ಸೇರಿತ್ತು ಎಂದು ಆಕೆ ಬರೆದುಕೊಟ್ಟರೆ ಸಾಕು.

ಭೀಮರಾಜ್ ಆಗಲೇ ಬರೆಸಿದ್ದ. ಹಾಳೆ ಮೇಜಿನ ಮೇಲಿತ್ತು, ಅದರ ಮೇಲೆ ಪೆನ್ನು.

"ಎಲ್ಲರಿಗೂ ಒಳ್ಳೇದೇ ಆಯ್ತಲ್ಲ ಮೇಡಮ್" ಎಂದ ಜ್ಯೋತಿಲಕ್ಷ್ಮಿಯವರಿಗೆ. "ನೀವೂ ಎರಡು ದಿನದಿಂದ ನಮ್ಮ ಬೆಂಚು ಸವೆಸ್ತಾ ಇದ್ದೀರ."

ಚೈತ್ರ ಬಾಗಿಲಲ್ಲೇ ನಿಂತಳು. ಒಂದು ಸಹಿ. ಅಕ್ಕ ಇನ್ನು ಹತ್ತು ನಿಮಿಷದಲ್ಲಿ ಮನೆಗೆ ಹೊರಡುತ್ತಾಳೆ. ಅದಕ್ಕೆ ಚೈತ್ರ ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದು.

ಹಾಳೆಯಲ್ಲಿ ಕಡಲೆಕಾಯಿ ಎಂದಿರುತ್ತದೆ. ಮನೆಯವರೆಲ್ಲ ಮತ್ತೆ ಕಡಲೆಕಾಯಿಯನ್ನೇ ಕಾಯುತ್ತಾರೆ. ಡಾಕ್ಟರು ಎಷ್ಟು ಸಲ ಫೋನ್ ಮಾಡಿದರೂ ಎತ್ತಿದವರು ಆಕೆ ಊರಲ್ಲಿಲ್ಲ ಎನ್ನುತ್ತಾರೆ. ಶಿಲ್ಪ ಹುಷಾರಾಗಿ ಅದೇ ಮನೆಗೆ, ಅದೇ ಎಲೆಯ ಮುಂದೆ ಬಂದು ಕೂರುತ್ತಾಳೆ.

ಕಲಾವತಿ ಪೆನ್ನು ಎತ್ತಿಕೊಂಡಳು. ತಂಗಿಯ ಕಡೆ ಒಮ್ಮೆ ನೋಡಿದಳು. ಬೇಡ ಎಂದವು ಆ ಕಣ್ಣುಗಳು.

"ಸಾರ್" ಎಂದಳು ಚೈತ್ರ. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು. "ಸಾರ್, ಆ ಊಟದಲ್ಲಿ ಕಡಲೆಕಾಯಿ ಇರಲಿಲ್ಲ."

ಎಲ್ಲರ ತಲೆಯೂ ತಿರುಗಿತು. ಗೋಪಾಲಮ್ಮ ಎದ್ದು ನಿಂತಳು.

"ಅಯ್ಯೋ, ಇವಳು ಬೆಳಗ್ಗೆ ನಮ್ಮನೇಲಿ ಡಬ್ಬ ತೊಳ್ದೋಳಲ್ವೇ?"

"ಕಲಾವತಿ ತಂಗಿ ಅಮ್ಮ ನಾನು."

ಬಾಲರಾಜ್ ನಿಧಾನವಾಗಿ ಚೈತ್ರಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಿಂದಿನ ಬಾಗಿಲಿಂದ ಬಂದು ನಮ್ಮ ಅಡುಗೆಮನೆ ಜಾಲಾಡಿದ್ಯಾ? ನಿಮ್ಮಕ್ಕನ್ನ ಬಿಡಿಸೋಕೆ ಬಂದಿರೋನು ನಾನು ಕಣಮ್ಮ. ಸ್ವಲ್ಪ ಯೋಚಿಸಿ ಮಾತಾಡು."

ಮಾತು ಮೆತ್ತಗೇ ಇತ್ತು.

ಚೈತ್ರ ಜ್ಯೋತಿಲಕ್ಷ್ಮಿಯವರನ್ನು ನೋಡಿದಳು. ಅವರು ತಲೆಯಾಡಿಸಲೂ ಇಲ್ಲ, ತಡೆಯಲೂ ಇಲ್ಲ. ಅವಳು ಮೇಜಿನ ಹತ್ತಿರ ಬಂದು ಪ್ಲಾಸ್ಟಿಕ್ ಕವರ್ ಇಟ್ಟಳು. ಮಿಕ್ಸಿಯಲ್ಲಿ ಸಿಕ್ಕ ಎಳ್ಳು, ಸಾರ್. ಆ ಮನೆಯ ಅಡುಗೆಗೆ ಎಳ್ಳು ಬರುವುದಿಲ್ಲ ಎಂದು ಅಮ್ಮನೇ ಬೆಳಗ್ಗೆ ಹೇಳಿದರು. ಶಿಲ್ಪಕ್ಕನಿಗೆ ಅಲರ್ಜಿ ಟೆಸ್ಟ್ ಆಗಿದೆ. ಡಾಕ್ಟರು ಐಸಿಯುಗೆ ಫೋನ್ ಮಾಡಿದ್ದಾರೆ. ಒಂದೊಂದೇ ಮಾತು ಕಲ್ಲು ಎತ್ತಿಟ್ಟ ಹಾಗೆ ಬಂತು.

ಭೀಮರಾಜ್ ಹಾಳೆಯನ್ನು ತನ್ನತ್ತ ಎಳೆದುಕೊಂಡ.

"ಎಳ್ಳು ಹಾಕಿದ್ಯೇನಮ್ಮ?" ಎಂದು ಕಲಾವತಿಯನ್ನು ಕೇಳಿದ.

ಕಲಾವತಿ ಕೈಯಲ್ಲಿದ್ದ ಪೆನ್ನನ್ನೇ ನೋಡಿದಳು. "ಹಾಕ್ದೆ" ಎಂದಳು ಕೊನೆಗೆ. "ಹುರಿದ ಎಳ್ಳಿನ ಪೊಟ್ಟಣ ಕೊಟ್ರು, ಹಾಕು ಅಂದ್ರು. ಕಡಲೆಕಾಯಿ ಇಲ್ದೆ ಪುಳಿಯೋಗರೆ ಸಪ್ಪೆ ಆಗುತ್ತೆ, ದೇವರ ನೈವೇದ್ಯ, ಎಳ್ಳು ಹಾಕಿದ್ರೆ ತಪ್ಪಿಲ್ಲ ಅಂದ್ರು. ಎಳ್ಳಿಂದ ಹಿಂಗಾಗುತ್ತೆ ಅಂತ ನಂಗೇನ್ ಗೊತ್ತು?"

"ಯಾರು ಕೊಟ್ಟದ್ದು?"

ಅವಳು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿದಳು. ಭಯಪಟ್ಟಾಗ ಅಕ್ಕ ಹೀಗೆ ಮಾಡುವುದಿಲ್ಲ, ಯಾರಿಗೋ ಮಾತು ಕೊಟ್ಟಾಗ ಮಾಡುತ್ತಾಳೆ. ಚೈತ್ರಳಿಗೆ ಅದು ಗೊತ್ತಿತ್ತು.

ಹೇಳಬೇಕಾದ್ದು ಇನ್ನೊಂದು ಉಳಿದಿತ್ತು. ಅದನ್ನು ಹೇಳಿದರೆ ಅಕ್ಕನ ಸಹಿ ಈ ಮೇಜಿಗೆ ಬರುತ್ತದೆ. ರಿಪೋರ್ಟು ತಂದವಳೂ ಇವಳೇ, ಎಳ್ಳು ಹಾಕಿದವಳೂ ಇವಳೇ ಎನ್ನುತ್ತಾರೆ. ಐದು ಗಂಟೆಗೆ ಬರೆಯುವ ಎಫ್‌ಐಆರ್‌ನಲ್ಲಿ ಬೇರೆ ಹೆಸರು ಇರುವುದಿಲ್ಲ.

ಚೈತ್ರ ಅಕ್ಕನ ಎದುರು ಹೋಗಿ ನಿಂತಳು. ಭೀಮರಾಜ್, ಬಾಲರಾಜ್, ಗೋಪಾಲಮ್ಮ ಎಲ್ಲರೂ ಬೆನ್ನ ಹಿಂದಾದರು. ಆದರೆ ಎದುರಿನ ಗೋಡೆಗೆ ತೂಗುಹಾಕಿದ್ದ ಗಾಜಿನ ಪಟದಲ್ಲಿ ಮೂವರೂ ಕಾಣುತ್ತಿದ್ದರು.

"ಒಂಬತ್ತು ದಿನದ ಹಿಂದೆ ನೀನು ಆರ್.ಟಿ. ನಗರದಿಂದ ಒಂದು ಕವರ್ ತಂದೆ. ನಿನ್ನ ಸಹಿ ನೋಡ್ದೆ ಅಕ್ಕ."

ಜ್ಯೋತಿಲಕ್ಷ್ಮಿ ಕಟ್ಟಿದ್ದ ಕೈ ಬಿಟ್ಟರು. ಯಾವ ಕವರು ಎಂದು ಭೀಮರಾಜ್ ಕೇಳಿದ. ಗಾಜಿನಲ್ಲಿ ಗೋಪಾಲಮ್ಮ ಮಗನ ಕಡೆ ನೋಡಲಿಲ್ಲ, ಮಗ ತಾಯಿಯ ಕಡೆ ನೋಡಲಿಲ್ಲ. ಇಬ್ಬರೂ ನೋಡುತ್ತಿದ್ದುದು ಕಲಾವತಿಯ ಬಾಯಿಯನ್ನು. ಯಾವ ಕವರು ಎಂದು ಅವರಿಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಕಲಾವತಿಯ ಕಣ್ಣು ತುಂಬಿ ಬಂತು. ಪೆನ್ನು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಲು ಯಾರೂ ಬಾಗಲಿಲ್ಲ.

"ಅದನ್ನ ಯಾರ ಕೈಗೆ ಕೊಟ್ಟೆ, ಹೇಳಕ್ಕ" ಎಂದಳು ಚೈತ್ರ.